ಟೀ ಅಂಗಡಿಯಲ್ಲಿ ನಾಸರ್

ಪಾಲಮಲೆಯ ಕೆಳಗೆ, ಕೊಳತ್ತೂರಿನ ಟೀ ಅಂಗಡಿಯಲ್ಲಿ ಕೂತವನಿಗೆ ಈಜಿಪ್ಟಿನ ನಾಸರ್ ನೆನಪಾದರು ಎಂದರೆ ನೀವು ನಗುತ್ತೀರಿ. ತಪ್ಪು ಮೆಟ್ಟೂರು ಅಣೆಕಟ್ಟಿನದು. ಅದನ್ನು ಕಂಡರೆ ಈಜಿಪ್ಟಿನ ಅಸ್ವಾನ್ ಅಣೆಕಟ್ಟನ್ನು ನೆನೆಯುವುದು ನನ್ನ ಹಳೇ ಚಾಳಿ.

ಮೆಟ್ಟೂರಿನ ಕಟ್ಟೆ 1934ರಲ್ಲೇ ಮುಗಿಯಿತು. ಅಸ್ವಾನಿನದು ದೊಡ್ಡ ರಾಮಾಯಣ. ನೆರವು ಕೊಡುತ್ತೇನೆಂದಿದ್ದ ಅಮೆರಿಕ 1956ರ ಜುಲೈನಲ್ಲಿ ಕೈಯೆತ್ತಿತು. ನಾಸರ್ ಆಗಷ್ಟೇ ಯುಗೋಸ್ಲಾವಿಯದ ಬ್ರಿಯೋನಿಯಲ್ಲಿ ಟಿಟೋ, ನೆಹರೂ ಜತೆ ಮಾತು ಮುಗಿಸಿದ್ದರು. ಒಂದು ವಾರ ಕಳೆದು, 26ರಂದು, ಅಲೆಕ್ಸಾಂಡ್ರಿಯಾದ ಭಾಷಣದಲ್ಲಿ ಲೆಸೆಪ್ಸ್ ಎಂದರು. ಅದು ಸೂಯೆಜ್ ಕಾಲುವೆ ತೋಡಿಸಿದ ಫ್ರೆಂಚನ ಹೆಸರು. ಅದೇ ಸಂಕೇತ; ಕಾದಿದ್ದವರು ಕಟ್ಟೆಯ ದುಡ್ಡಿಗಾಗಿ ಕಾಲುವೆಯನ್ನೇ ವಶಪಡಿಸಿಕೊಳ್ಳಲು ಕಂಪನಿಯ ಕಚೇರಿಗಳಿಗೆ ನುಗ್ಗಿದರು. ಎಲ್ಲಿ ಕೇಳಿಸದೆ ಹೋದೀತೋ ಎಂದು ಆ ಹೆಸರನ್ನು ಮತ್ತೆ ಮತ್ತೆ ಹೇಳಿದರಂತೆ, ಮದುವೆಮನೆಯಲ್ಲಿ ಪಂಕ್ತಿಯಿಂದ ಸಾರಿನವನನ್ನು ಕೂಗಿದ ಹಾಗೆ.

ಅದೇ ವರ್ಷ ನಮ್ಮಲ್ಲಿ ಭಾಷೆಯ ಪ್ರಕಾರ ರಾಜ್ಯಗಳ ಗೆರೆ ಎಳೆದರು. ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ನವೆಂಬರ್ 1ರಂದು ಮೈಸೂರಿಗೆ ಬಂತು, ಅದರೊಂದಿಗೆ ಮಾದಪ್ಪನ ಬೆಟ್ಟವೂ. ಪಾಲಾರ್ ಹೊಳೆಯ ಈಚೆಗಿನ ಪಾಲಮಲೆ ಮದ್ರಾಸ್ ರಾಜ್ಯದಲ್ಲೇ ಉಳಿಯಿತು.

ಪಕ್ಕದ ಬೆಂಚಿನ ತಾತನನ್ನು ಕೇಳಿದೆ: “ತಾತ, ನೀವು ಕನ್ನಡದೋರಾ?”

“ಮನೇಲಿ ಕನ್ನಡ ಸಾಮಿ, ರೇಷನ್ ಅಂಗಡೀಲಿ ತಮಿಳು.”

ಈ ಉತ್ತರಕ್ಕೆ ಸಾತಿ ಅಲ್ ಹುಸ್ರಿ ಏನೆನ್ನುತ್ತಿದ್ದರೋ! ಅರಬ್ಬಿ ಆಡುವವನೇ ಅರಬ, ಅವನಿಗೆ ಇಷ್ಟವಿರಲಿ ಬಿಡಲಿ ಎಂದು ವಾದಿಸಿದ ಅರಬ್ ರಾಷ್ಟ್ರವಾದದ ಗುರು ಅವರು. ತಮಾಷೆ ಎಂದರೆ ಅವರೇ ತುರ್ಕಿ ಭಾಷೆಯಲ್ಲಿ ಬೆಳೆದು ಅರಬ್ಬಿಯನ್ನು ಆಮೇಲೆ ರೂಢಿಸಿಕೊಂಡವರು. 1947ರಲ್ಲಿ ದಮಾಸ್ಕಸ್‌ನಲ್ಲಿ ಹುಟ್ಟಿದ ಬಾತ್ ಪಕ್ಷ ಏಕತೆ, ಸ್ವಾತಂತ್ರ್ಯ, ಸಮಾಜವಾದ ಎಂದು ಮೂರು ಮಾತು ಹಿಡಿಯಿತು. 1958ರ ಫೆಬ್ರವರಿಯಲ್ಲಿ ಈಜಿಪ್ಟ್, ಸಿರಿಯಾ ಒಂದಾಗಿಯೂ ಬಿಟ್ಟವು. 1961ರ ಸೆಪ್ಟೆಂಬರಿಗೆ ಒಲೆ ಬೇರೆ. ಸಿರಿಯಾದ ಸೇನಾಧಿಕಾರಿಗಳಿಗೆ ಕೈರೋದ ದರ್ಪ ಸಹಿಸಲಾಗಲಿಲ್ಲ. ಬ್ಯಾಂಕು, ಕಾರ್ಖಾನೆ ಸರ್ಕಾರದ ಪಾಲಾದಾಗ ವ್ಯಾಪಾರಿಗಳೂ ಸಿಡುಕಿದರು. ನಮ್ಮ ಏಕೀಕರಣ ಬಾಳಿತು, ನೋಡಿ. ನಾವು ದೇಶ ಕೇಳಲಿಲ್ಲ, ರಾಜ್ಯ ಕೇಳಿದೆವು. ಆ ಮಿತವೇ ನಮ್ಮನ್ನು ಕಾಯಿತೆಂದು ನನ್ನ ಎಣಿಕೆ.

ನಾಸರ್ ಮೇಲೆ ನನಗೆ ಸಿಟ್ಟಿಲ್ಲ. 1952ರಲ್ಲೇ ಜಮೀನಿಗೆ 200 ಫದ್ದಾನ್ ಮಿತಿ ಹಾಕಿದರು, 1961ರಲ್ಲಿ ಅದನ್ನು 100ಕ್ಕಿಳಿಸಿದರು. ಫದ್ದಾನ್ ಎಂದರೆ ಎಕರೆಗಿಂತ ತುಸು ಹೆಚ್ಚು. ನಮ್ಮ ದೇವರಾಜ ಅರಸು 1974ರಲ್ಲಿ ಉಳುವವನ ಕೈಗೆ ಭೂಮಿ ಕೊಡಿಸಿದರೆಂದು ಮೆಚ್ಚುವ ನಾನು ಅದನ್ನು ಹೇಗೆ ಹಳಿಯಲಿ?

ನನಗೆ ಚುಚ್ಚುವುದು ನೂಬಿಯನ್ನರ ಪಾಡು. ಅವರ ಮನೆಮಾತು ಅರಬ್ಬಿಯಲ್ಲ. ಅಸ್ವಾನಿನ ನೀರಿಗೆ ಊರು ಬಿಟ್ಟು 1963-64ರಲ್ಲಿ ಸುಮಾರು 50,000 ಮಂದಿ ಕೋಮ್ ಓಂಬೋ ಬಯಲಿಗೆ ಹೋದರು. ಅಬು ಸಿಂಬೆಲ್ ಗುಡಿಯನ್ನು ಮಾತ್ರ ಲೋಕವೆಲ್ಲ ದುಡ್ಡು ಹಾಕಿ, ಕಲ್ಲು ಕಲ್ಲಾಗಿ ಕತ್ತರಿಸಿ ಮೇಲಕ್ಕೇರಿಸಿತು. ಮೆಟ್ಟೂರಿನಲ್ಲಿ ಅಂಥ ಪುಣ್ಯಾತ್ಮರಿರಲಿಲ್ಲ. ಬೇಸಿಗೆಯಲ್ಲಿ ನೀರಿಳಿದರೆ ಪಣ್ಣವಾಡಿಯ ಜಲಕಂಠೇಶ್ವರನ ನಂದಿಯೂ ಹಳೇ ಇಗರ್ಜಿಯ ಗೋಪುರವೂ ತಲೆ ಎತ್ತುತ್ತವೆ.

ತಾತ ಟೀ ಮುಗಿಸಿ ಎದ್ದರು. ನವೆಂಬರ್ 1ಕ್ಕೆ ಇಲ್ಲಿ ಏನಾದರೂ ಉಂಟೇ ಎಂದೆ. ಭಾನುವಾರ ಬೀಳದಿದ್ದರೆ, ಪಾಲಾರ್ ಹೊಳೆಯಾಚೆ ಅಂದು ಶಾಲೆಗೆ ರಜೆ, ಈಚೆ ಬೆಳಗಿನ ಗಂಟೆ ಹೊಡೆಯುತ್ತದೆ.