ಕರುಳಬಳ್ಳಿಯ ಗುಟ್ಟು



ಹುಬ್ಬಳ್ಳಿ-ಗದಗ ದಾರಿಯಲ್ಲಿರುವ ನಮ್ಮ ಶಿರಗುಪ್ಪಿಯಲ್ಲಿ ನಾನು ಬಾಲಕನಾಗಿದ್ದಾಗ ಹೆರಿಗೆಗಳು ಬಹುಮಟ್ಟಿಗೆ ಮನೆಯಲ್ಲಿಯೇ ಆಗುತ್ತಿದ್ದವು. ಕೂಸು ಅತ್ತಿತೆಂದು ಸೂಲಗಿತ್ತಿ ಆಯಿ ಏಳುತ್ತಿರಲಿಲ್ಲವಂತೆ. ಮಾಸು ಬಿದ್ದು, ಅದನ್ನು ದೀಪದ ಬೆಳಕಿನಲ್ಲಿ ನೋಡಿ, ಇಡಿಯಾಗಿದೆಯೆಂದು ಕಂಡ ಮೇಲೆಯೇ ಕೈ ತೊಳೆಯುತ್ತಿದ್ದಳೆಂದು ನನ್ನ ತಾಯಿ ಹೇಳುತ್ತಿದ್ದರು. ಆ ಎಚ್ಚರದ ಬೆಲೆ ನನಗೆ ತಿಳಿದದ್ದು ತಂಗಿಯ ಮಗಳ ಬಸುರಿನಲ್ಲಿ.

ಮದುವೆಯಾಗಿ ಹನ್ನೊಂದು ವರುಷ ಅವಳಿಗೆ ಮಕ್ಕಳಾಗಿರಲಿಲ್ಲ. ಕೊನೆಗೆ ಪ್ರನಾಳ ಶಿಶು ಚಿಕಿತ್ಸೆಯಿಂದ ಬಸುರು ನಿಂತಿತು. 1978ರಲ್ಲಿ ಇಂಗ್ಲೆಂಡಿನಲ್ಲಿಯೂ, ಅದೇ ವರುಷ ಅಂದಿನ ಕಲಕತ್ತೆಯಲ್ಲಿ ಡಾ. ಸುಭಾಷ ಮುಖೋಪಾಧ್ಯಾಯರ ಕೈಯಲ್ಲಿಯೂ ಫಲಿಸಿದ ವಿದ್ಯೆಯಿದು. ಆದರೆ ಜನ ಏನೆಂದಾರೋ ಎಂಬ ಅಳುಕಿನಿಂದ ಮನೆಯವರು ಮುಂದೆ ತೋರಿಸಿದ ಆಸ್ಪತ್ರೆಯಲ್ಲಿ ಇದನ್ನು ಮರೆಮಾಚಿದರು. ತಿಳಿದೂ ನಾನು ಸುಮ್ಮನಿದ್ದೆ.

ಐದನೆಯ ತಿಂಗಳ ಸ್ಕ್ಯಾನಿನಲ್ಲಿ ಮಾಸು ಕೆಳಗೆ ಕೂತಿರುವುದನ್ನು ಕಂಡ ವೈದ್ಯೆ, “ಬಸುರು ತಾನಾಗಿಯೇ ನಿಂತಿತೋ, ಚಿಕಿತ್ಸೆಯಿಂದಲೋ?” ಎಂದು ಕೇಳಿದರು. ಜೊತೆಗೆ ಹೋದವರು ನೆಲ ನೋಡಿದರು. ಹುಡುಗಿಯೇ ಬಾಯಿಬಿಟ್ಟು ಹೇಳಿದಳು. ಆಗ ವೈದ್ಯೆ, ರಕ್ತದ ಹರಿವನ್ನು ಬಣ್ಣದಲ್ಲಿ ತೋರುವ ಡಾಪ್ಲರ್ ಪರೀಕ್ಷೆಯಿಂದ ಮತ್ತೆ ನೋಡಿದರು. ಹೊಕ್ಕುಳಬಳ್ಳಿ ಮಾಸಿಗೆ ಕೂಡದೆ ಪಕ್ಕದ ಪೊರೆಗೆ ಕೂಡಿತ್ತು. ಅಲ್ಲಿಂದ ಹೊರಟ ರಕ್ತನಾಳಗಳು ಬಳ್ಳಿಯ ಲೋಳೆಯ ರಕ್ಷಣೆಯಿಲ್ಲದೆ ಗರ್ಭದ ಬಾಯಿಯ ಮೇಲೆಯೇ ಹಾಯ್ದಿದ್ದವು. ನೀರು ಒಡೆದಾಗ ಅವು ಹರಿದರೆ ಹೋಗುವುದು ಕೂಸಿನದೇ ರಕ್ತ. ಉಳಿಸಲು ಕೆಲವೇ ನಿಮಿಷ. ಆದುದರಿಂದ ಬೇನೆಗೆ ಕಾಯದೆ 35ನೆಯ ವಾರದಲ್ಲಿ ಶಸ್ತ್ರಕ್ರಿಯೆ ಮಾಡಿದರು. ಆ ಕೂಸು ಇಂದು ಅಂಗಳದಲ್ಲಿ ಓಡಾಡುತ್ತಿದೆ.

ಬಳ್ಳಿ ಪೊರೆಗೆ ಕೂಡುವುದು ಸಾಮಾನ್ಯವಾಗಿ ನೂರು ಬಸುರುಗಳಲ್ಲಿ ಸುಮಾರು ಒಂದರಲ್ಲಿ. ಪ್ರನಾಳ ಚಿಕಿತ್ಸೆಯ ಬಸುರಿನಲ್ಲಿ ಇದೂ, ಮಾಸು ಕೆಳಗೆ ಕೂಡುವುದೂ ಹೆಚ್ಚು. ಅವಳಿಯಾದರೆ ಬಳ್ಳಿಯ ತೊಡಕು ಇನ್ನೂ ಹೆಚ್ಚು. ಬಹುಪಾಲು ತಾಯಂದಿರಿಗೆ ಕೇಡಾಗುವುದಿಲ್ಲ, ಅಂಜಬೇಕಾಗಿಲ್ಲ. ಆದರೆ ಮೊದಲೇ ತಿಳಿದ ವೈದ್ಯರು ಬಳ್ಳಿಯ ಬುಡವನ್ನು ಹುಡುಕಿ ನೋಡುತ್ತಾರೆ.

ಜನನಸೂತಕವನ್ನು ಅಲ್ಲಗಳೆದ ಶರಣರ ದಾರಿಯವರು ನಾವು. ಹುಟ್ಟಿನಲ್ಲಿಯೇ ಮೈಲಿಗೆಯಿಲ್ಲವೆಂದ ಮೇಲೆ, ಗರ್ಭ ನಿಂತ ಬಗೆಯಲ್ಲಿ ನಾಚಿಕೆಯೆಲ್ಲಿಯದು? ಊರಿಗೆ ಹೇಳಬೇಕಾಗಿಲ್ಲ, ವೈದ್ಯರಿಗೆ ಮಾತ್ರ ಮುಚ್ಚಿಡಬೇಡಿರಿ. ಅಂದು ಸುಮ್ಮನಿದ್ದ ನನ್ನ ತಪ್ಪಿಗೆ ಈ ನಾಲ್ಕು ಮಾತುಗಳೇ ಒಪ್ಪಿಗೆ.