ಗಗನದಲ್ಲಿ ಸುಖಾಸನ

ಮನುಷ್ಯನೊಬ್ಬನನ್ನು 16 ಗಂಟೆಗಳ ಕಾಲ ಒಂದೇ ಕುರ್ಚಿಯಲ್ಲಿ ಗಲಾಟೆಯಿಲ್ಲದೆ ಕುಳ್ಳಿರಿಸುವುದು ಸಾಮಾನ್ಯವಾದ ಕಾರ್ಯವಲ್ಲ. ಯೋಗಿಗೆ ಅದು ಬಹುಕಾಲದ ಅಭ್ಯಾಸದಿಂದ ಸಿದ್ಧಿಸತಕ್ಕದ್ದು. ಮದುವೆಯ ವರನು ಪುರೋಹಿತರ ಭಯಕ್ಕೂ ಮಾವನವರ ದಾಕ್ಷಿಣ್ಯಕ್ಕೂ ಕಟ್ಟುಬಿದ್ದು ಅದರ ಕಾಲುಭಾಗವನ್ನು ಹೇಗೋ ನಿಭಾಯಿಸುತ್ತಾನೆ. ಉಳಿದ ನಮ್ಮಂಥವರು ಹರಿಕಥೆಗೆ ಹೋದರೂ ನಡುನಡುವೆ ಎದ್ದು, ಕಂಬಕ್ಕೊರಗಿ ನಿಂತು, ಹೊರಗೆ ಹೋಗಿ ಎಲೆಯಡಿಕೆ ಹಾಕಿಕೊಂಡು ಬಂದು, ಮತ್ತೆ ಕುಳಿತುಕೊಳ್ಳುವ ಜಾತಿಯವರು. ಇಂತಹ ಚಂಚಲಜೀವಿಗಳನ್ನು, ಅದೂ ಮುನ್ನೂರರ ಸಂಖ್ಯೆಯಲ್ಲಿ, ಒಂದು ಕೊಳವೆಯೊಳಗೆ ತುಂಬಿ, ಸೊಂಟಕ್ಕೆ ಪಟ್ಟಿ ಬಿಗಿದು, ನೆಲದಿಂದ 35,000 ಅಡಿ ಮೇಲಕ್ಕೊಯ್ದು, ಒಂದು ಖಂಡದಿಂದ ಮತ್ತೊಂದು ಖಂಡಕ್ಕೆ ಸಾಗಿಸಿ, ಇಳಿಯುವಾಗ ಅವರೆಲ್ಲರೂ ಬಾಗಿಲಲ್ಲಿ ನಿಂತ ಪರಿಚಾರಿಕೆಗೆ ವಂದಿಸಿ ಹೊರಡುವಂತೆ ಮಾಡುವ ವಿಮಾನಕಂಪನಿಗಳ ಜಾಣ್ಮೆಯನ್ನು ನೆನೆದಾಗ, ವಿಮಾನವನ್ನು ಹಾರಿಸುವ ವಿದ್ಯೆಗಿಂತ ಅದರೊಳಗಿನವರನ್ನು ಕೂರಿಸುವ ವಿದ್ಯೆಯೇ ದೊಡ್ಡದೇನೋ ಎಂದು ನನಗೆ ಅನ್ನಿಸಿದ್ದುಂಟು. ಆ ವಿದ್ಯೆಯ ಮುಖ್ಯ ಸಾಧನವು ಎದುರಿನ ಆಸನದ ಬೆನ್ನಿನಲ್ಲಿ ಹೊಳೆಯುವ ಪರದೆ.

ಆಕಾಶದಲ್ಲಿ ಚಲಚ್ಚಿತ್ರ ತೋರಿಸುವ ಚಪಲ ಇಂದು ನಿನ್ನೆಯದಲ್ಲ. 1925ರಲ್ಲಿ ಬ್ರಿಟನ್ನಿನ ಇಂಪೀರಿಯಲ್ ಏರ್‌ವೇಸಿನವರು, ಯುದ್ಧಕಾಲದ ಬಾಂಬು ವಿಮಾನವನ್ನು ಮಾರ್ಪಡಿಸಿ ಮಾಡಿದ ವಾಹನವೊಂದರಲ್ಲಿ ‘ದಿ ಲಾಸ್ಟ್ ವರ್ಲ್ಡ್’ ಎಂಬ ಚಿತ್ರವನ್ನು ತೋರಿಸಿದರು. ಅದು ಮೂಕಚಿತ್ರವಾಗಿದ್ದುದು ಪ್ರೇಕ್ಷಕರ ಪುಣ್ಯ. ಎಂಜಿನ್ನಿನ ಆ ಆರ್ಭಟದಲ್ಲಿ ಮಾತಿನ ಚಿತ್ರ ಯಾರಿಗೆ ಕೇಳಿಸುತ್ತಿತ್ತು? ಆಗಿನ ಫಿಲ್ಮು ಕಿಡಿ ತಾಗಿದರೆ ಭುಗಿಲೆಂದು ಹತ್ತಿಕೊಳ್ಳತಕ್ಕ ವಸ್ತುವೆಂಬುದನ್ನು ನೆನೆದರೆ, ಆ ಪ್ರದರ್ಶನಕ್ಕೆ ಕುಳಿತವರ ಎದೆಗಾರಿಕೆಗೆ ಕೈಮುಗಿಯಬೇಕು. ಆದರೂ ಅದು ಕೌತುಕಕ್ಕಾಗಿ ಮಾಡಿದ ಆಟವೇ ಹೊರತು ಅಗತ್ಯಕ್ಕಾಗಿ ಮಾಡಿದ ಏರ್ಪಾಡಲ್ಲ. 1948ರ ಜೂನಿನಲ್ಲಿ ಏರ್ ಇಂಡಿಯಾದ ‘ಮಲಬಾರ್ ಪ್ರಿನ್ಸೆಸ್’ ಮುಂಬಯಿಯಿಂದ ಲಂಡನ್ನಿಗೆ ಮೊತ್ತಮೊದಲು ಹೋದಾಗ ನಡುವೆ ಕೈರೋದಲ್ಲಿಯೂ ಜಿನೀವಾದಲ್ಲಿಯೂ ಇಳಿದು ಏರುತ್ತ ಹೋಯಿತು. ನಿಲ್ದಾಣದಲ್ಲಿ ಕಾಲು ಜಾಡಿಸುವುದಕ್ಕೂ, ಅಪರಿಚಿತ ದೇಶದ ಕಾಫಿಯನ್ನು ಕುಡಿದು ಹಳಿಯುವುದಕ್ಕೂ ಅವಕಾಶವಿರುವ ಪ್ರಯಾಣಿಕನಿಗೆ ಬೇರೆ ಮನೋರಂಜನೆ ಯಾತಕ್ಕೆ? ಜೆಟ್ ವಿಮಾನಗಳು ಬಂದು, ನಿಲುಗಡೆಗಳು ಒಂದೊಂದಾಗಿ ಕಳಚಿಹೋಗಿ, ಹತ್ತಿದವನು ಇಳಿಯುವ ಊರಿನಲ್ಲಲ್ಲದೆ ಬೇರೆಲ್ಲಿಯೂ ನೆಲ ಮುಟ್ಟದಂತಾದ ಮೇಲೆಯೇ ಅವನ ಬೇಸರವೆಂಬುದು ಕಂಪನಿಗಳ ಚಿಂತೆಗೆ ವಿಷಯವಾಯಿತು. 1961ರಲ್ಲಿ ಅಮೆರಿಕದ ಟಿ.ಡಬ್ಲ್ಯು.ಎ. ಸಂಸ್ಥೆ ನ್ಯೂಯಾರ್ಕಿನಿಂದ ಲಾಸ್ ಏಂಜಲೀಸಿಗೆ ಹೋಗುವ ವಿಮಾನದ ಮೊದಲ ದರ್ಜೆಯಲ್ಲಿ ಪೂರ್ಣಪ್ರಮಾಣದ ಚಿತ್ರಗಳನ್ನು ಕ್ರಮವಾಗಿ ತೋರಿಸಲು ಆರಂಭಿಸಿತು.

ಆ ಕಾಲದ ಶ್ರವಣಯಂತ್ರವು ಈಗಿನವರಿಗೆ ನಂಬಲಾಗದ ವಸ್ತು. ಅದರಲ್ಲಿ ತಂತಿಯಿರಲಿಲ್ಲ, ವಿದ್ಯುತ್ತಿರಲಿಲ್ಲ. ವೈದ್ಯರ ಸ್ಟೆತಸ್ಕೋಪಿನಂತೆ ಎರಡು ಟೊಳ್ಳು ನಳಿಗೆಗಳಿದ್ದುವು. ಧ್ವನಿಯು ಕುರ್ಚಿಯ ತೋಳಿನೊಳಗೇ ಹುಟ್ಟಿ, ಅಲ್ಲಿದ್ದ ಎರಡು ರಂಧ್ರಗಳ ಮೂಲಕ ನಳಿಗೆಯನ್ನು ಹೊಕ್ಕು, ಗಾಳಿಯಲ್ಲಿಯೇ ತೇಲಿ ಕಿವಿಗೆ ಬರುತ್ತಿತ್ತು. ನಳಿಗೆಯನ್ನು ಮೊಣಕೈಯಿಂದ ಒತ್ತಿದರೆ ನಾಯಕನ ಪ್ರೇಮಾಲಾಪ ಅಲ್ಲಿಗೇ ಕಟ್ಟಿಹೋಗುತ್ತಿತ್ತು. ಚಿತ್ರವಾದರೂ ಎಲ್ಲರಿಗೂ ಒಂದೇ: ಮುಂದೆ ತೂಗುಹಾಕಿದ ಸಾಮಾನ್ಯ ಪರದೆ, ಅದರೆದುರು ಶೌಚಾಲಯಕ್ಕೆ ಹೋಗುವವರ ತಲೆಗಳ ಮೆರವಣಿಗೆ. ಮಕ್ಕಳೂ ಮುದುಕರೂ ಒಟ್ಟಿಗೆ ನೋಡುವುದರಿಂದ ಚಿತ್ರಗಳಿಗೆ ಕತ್ತರಿಯೂ ಬೀಳುತ್ತಿತ್ತು; ವಿಶೇಷವಾಗಿ ವಿಮಾನದ ಅಪಘಾತವನ್ನು ನೆನಪಿಸುವ ಭಾಗಗಳಿಗೆ ಉಳಿಗಾಲವಿರಲಿಲ್ಲ. ‘ರೇನ್ ಮ್ಯಾನ್’ ಚಿತ್ರದ ನಾಯಕನು ವಿಮಾನಕಂಪನಿಗಳ ದುರಂತಗಳನ್ನು ಒಂದೊಂದಾಗಿ ಒಪ್ಪಿಸುತ್ತ, ಕ್ವಾಂಟಾಸ್ ವಿಮಾನ ಮಾತ್ರ ಎಂದೂ ಬಿದ್ದಿಲ್ಲವೆಂದು ಹಟ ಹಿಡಿಯುವ ಪ್ರಸಂಗವೊಂದಿದೆ. ಹಲವು ಕಂಪನಿಗಳು ಅದನ್ನು ಕತ್ತರಿಸಿಯೇ ತೋರಿಸಿದುವು. ಕ್ವಾಂಟಾಸಿನವರು ಉಳಿಸಿಕೊಂಡರೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

1988ರಲ್ಲಿ ನಾರ್ತ್‌ವೆಸ್ಟ್ ಏರ್‌ಲೈನ್ಸಿನ 747 ವಿಮಾನದಲ್ಲಿ ಆಸನದ ಬೆನ್ನಿಗೇ ಪರದೆಯನ್ನು ಕೂರಿಸಿದರು. ಅದರ ಅಳತೆ 2.7 ಅಂಗುಲ; ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು. ಈಗ ಸಾಧಾರಣ ದರ್ಜೆಯಲ್ಲಿಯೂ 13 ಅಂಗುಲದ ಪರದೆಗಳಿವೆ. ಅವುಗಳಲ್ಲಿ ಅಡಕವಾಗಿರುವುದನ್ನೆಲ್ಲ ನೋಡಿ ಮುಗಿಸಬೇಕೆಂಬ ಮೊಂಡನು ಭೂಮಿಯನ್ನು ಎಷ್ಟೋ ಬಾರಿ ಸುತ್ತಿಬರಬೇಕಾದೀತು. ಪರದೆ ಹೀಗೆ ಬೆಳೆಯುತ್ತ ಬಂದ ಕಾಲದಲ್ಲಿ ಕುರ್ಚಿ ಏನಾಯಿತೆಂಬುದನ್ನು ಮಾತ್ರ ಕಂಪನಿಗಳ ಜಾಹೀರಾತುಗಳು ಹೇಳುವುದಿಲ್ಲ. ಬೋಯಿಂಗ್ 777 ಹೊಸದಾಗಿ ಬಂದಾಗ ಸಾಧಾರಣ ದರ್ಜೆಯ ಒಂದು ಸಾಲಿಗೆ ಬಹುಮಟ್ಟಿಗೆ 9 ಆಸನಗಳಿದ್ದುವು. ವಿಮಾನದ ಅಗಲ ಎಳ್ಳಷ್ಟೂ ಹೆಚ್ಚದಿದ್ದರೂ ಈಗ ಹೆಚ್ಚಿನ ಕಡೆಗಳಲ್ಲಿ 10 ಆಸನಗಳಿವೆ, ಒಂದೊಂದರ ಅಗಲ 17 ಅಂಗುಲದ ಆಸುಪಾಸು. 1971ರಲ್ಲಿ ಏರ್ ಇಂಡಿಯಾ 747 ವಿಮಾನಗಳನ್ನು ತರಿಸಿದಾಗ ಕಿಟಕಿಗಳ ಸುತ್ತ ಹೊರಗಡೆಯಿಂದ ರಾಜಸ್ಥಾನದ ಝರೋಕಾಗಳ ಚಿತ್ರ ಬರೆಸಿ, ಮೇಲಂತಸ್ತಿನಲ್ಲಿ ಮೊದಲ ದರ್ಜೆಯವರು ಕುಳಿತು ಹರಟುವುದಕ್ಕೊಂದು ಪಡಸಾಲೆಯನ್ನೇ ಇಟ್ಟಿತ್ತು. ಅಂತಹ ಪಡಸಾಲೆಗಳಿದ್ದೆಡೆಯಲ್ಲೆಲ್ಲ ಕಾಲಕ್ರಮದಲ್ಲಿ ಕುರ್ಚಿಗಳು ಬಂದು ಕುಳಿತುವು. ಎದ್ದು ಓಡಾಡುವುದಕ್ಕೆ ಇದ್ದ ಜಾಗವನ್ನು ಮಾರಿಕೊಂಡು, ಎದ್ದು ಓಡಾಡಬೇಕೆಂಬ ಬಯಕೆಯೇ ಹುಟ್ಟದಂತೆ ಕಣ್ಣೆದುರು ಪರದೆ ನಿಲ್ಲಿಸುವುದರಲ್ಲಿ ಒಂದು ವ್ಯಾಪಾರಧರ್ಮವಿದೆ; ಅದನ್ನು ನಾನು ನಿಂದಿಸುವುದಿಲ್ಲ, ಟಿಕೇಟಿನ ಬೆಲೆ ಇಳಿದುದರಿಂದಲೇ ನನ್ನಂಥವನೂ ಆ ಕುರ್ಚಿಗೆ ಬಂದದ್ದು. ಆದರೆ ಅದನ್ನು ಪ್ರಯಾಣಿಕನಿಗೆ ಮಾಡಿದ ಉಪಚಾರವೆಂದು ಕರೆದಾಗ ನನಗೆ ನಗು ಬರುತ್ತದೆ.

ಒಮ್ಮೆ ಈ ಉಪಚಾರ ನಗುವಿನ ವಿಷಯವಾಗಿಯೂ ಉಳಿಯಲಿಲ್ಲ. 1998ರ ಸೆಪ್ಟೆಂಬರ್ 2ರಂದು ನ್ಯೂಯಾರ್ಕಿನಿಂದ ಜಿನೀವಾಕ್ಕೆ ಹೊರಟ ಸ್ವಿಸ್‌ಏರ್ ವಿಮಾನವು ಕೆನಡಾದ ನೋವಾ ಸ್ಕೋಷಿಯಾದ ಬಳಿ ಬೆಂಕಿಗೆ ತುತ್ತಾಗಿ ಸಮುದ್ರಕ್ಕೆ ಬಿದ್ದು 229 ಜನ ಮಡಿದರು. ಬೆಂಕಿ ಮೊದಲಾದೆಡೆಯಲ್ಲಿ, ಆ ವಿಮಾನಕ್ಕೆ ಹೊಸದಾಗಿ ಜೋಡಿಸಿದ್ದ ಮನೋರಂಜನಾ ವ್ಯವಸ್ಥೆಯ ವಿದ್ಯುತ್ ತಂತಿಯಲ್ಲಿ ಕಿಡಿಹಾರಿದ ಗುರುತನ್ನು ತನಿಖೆಯವರು ಕಂಡರು. ಸುತ್ತಲಿನ ಹೊದಿಕೆಯ ವಸ್ತು ಉರಿಯನ್ನು ಹಬ್ಬಿಸಿತ್ತು.

ಇನ್ನು ಶರೀರದ ಮಾತು. ಎತ್ತರದಲ್ಲಿ ಹಾರುವಾಗ ಒಳಗಿನ ಗಾಳಿಯ ಒತ್ತಡವನ್ನು ನೆಲದ ಮಟ್ಟದಲ್ಲಿ ಇಡುವುದಿಲ್ಲ. 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲೆ ಎಷ್ಟಿರುವುದೋ ಅಷ್ಟಕ್ಕೆ ಇಡುತ್ತಾರೆ. ಎಂದರೆ, ನಮ್ಮ ಮುಳ್ಳಯ್ಯನಗಿರಿಯ ತುದಿಯಲ್ಲಿಯೋ ಅದಕ್ಕೂ ಮೇಲೆಯೋ ಇಡೀ ರಾತ್ರಿ ಕುಳಿತಂತೆಯೇ ಆಯಿತು, ಗಿರಿಯ ಮೇಲಿನ ಮಂಜಿನ ತಂಪೊಂದನ್ನುಳಿದು. ಏಕೆಂದರೆ ವಿಮಾನದೊಳಗಿನ ಗಾಳಿಯಲ್ಲಿ ತೇವಾಂಶ ಸಾಮಾನ್ಯವಾಗಿ ಶೇಕಡಾ 20ನ್ನೂ ದಾಟುವುದಿಲ್ಲ. ತುಟಿ ಒಡೆಯುತ್ತದೆ, ಮೂಗು ಒಣಗುತ್ತದೆ, ನಾಲಗೆ ತನ್ನ ಅರ್ಧ ವಿದ್ಯೆಯನ್ನು ಮರೆಯುತ್ತದೆ. ಜರ್ಮನಿಯ ಲುಫ್ತಾನ್ಸಾ ಕಂಪನಿಯವರು, ನೆಲದ ಮೇಲೆ ಯಾರೂ ಅಷ್ಟಾಗಿ ಕೇಳದ ಟೊಮೇಟೊ ರಸವನ್ನು ಆಕಾಶದಲ್ಲಿ ಜನ ಬೇಡಿ ಬೇಡಿ ಕುಡಿಯುವುದನ್ನು ಕಂಡು ಬೆರಗಾಗಿ, ಫ್ರೌನ್‌ಹೋಫರ್ ಸಂಸ್ಥೆಯ ವಿಜ್ಞಾನಿಗಳ ಮುಂದೆ ಪ್ರಶ್ನೆಯನ್ನಿಟ್ಟರು. ಮ್ಯೂನಿಕ್ಕಿನ ಹತ್ತಿರ, ವಿಮಾನದ ಒಡಲಿನ ತುಂಡೊಂದನ್ನು ಒತ್ತಡ ತಗ್ಗಿಸಿದ ಕೋಣೆಯಲ್ಲಿಟ್ಟು, ಅದರಲ್ಲಿ ಜನರನ್ನು ಕೂರಿಸಿ ಉಣಬಡಿಸಿ ನೋಡಿದಾಗ, ಉಪ್ಪು ಸಿಹಿಗಳ ರುಚಿ ಬಹಳವಾಗಿ ಮಂಕಾಗುವುದೆಂದೂ ಟೊಮೇಟೊದ ರುಚಿ ಅಷ್ಟಾಗಿ ಕೆಡುವುದಿಲ್ಲವೆಂದೂ ತಿಳಿಯಿತು. ಈ ಸಂಗತಿಯನ್ನೋದಿದ ಮೇಲೆ, ವಿಮಾನದಲ್ಲಿ ಕೊಡುವ ಉಪ್ಪಿಟ್ಟನ್ನು ಬೈಯುವುದನ್ನು ನಾನು ಕಡಮೆ ಮಾಡಿದ್ದೇನೆ. ಚಟ್ನಿಪುಡಿಯ ಡಬ್ಬಿಯನ್ನು ಕೈಚೀಲದಲ್ಲಿಟ್ಟುಕೊಂಡು ಹತ್ತುವ ನಮ್ಮ ಹೆಂಗಸರಿಗಂತೂ ಈ ಶಾಸ್ತ್ರ ಪ್ರಯೋಗಶಾಲೆಯಿಲ್ಲದೆಯೇ ಗೊತ್ತಿತ್ತು.

ಸದ್ದಿನ ಉಪದ್ರವವೂ ಇದರೊಡನೆ ಸೇರಿದೆ. 1978ರಲ್ಲಿ ಜ್ಯೂರಿಕ್ಕಿನಿಂದ ಬಾಸ್ಟನ್ನಿಗೆ ಹೋಗುತ್ತಿದ್ದ ಅಮರ್ ಬೋಸ್ ಎಂಬ ಪ್ರಾಧ್ಯಾಪಕರು, ಬ್ರಿಟಿಷರ ಸೆರೆಯನ್ನು ಕಂಡು ಅಮೆರಿಕಕ್ಕೆ ತಪ್ಪಿಸಿಕೊಂಡು ಹೋಗಿದ್ದ ಬಂಗಾಳಿ ದೇಶಭಕ್ತರೊಬ್ಬರ ಮಗ, ವಿಮಾನದಲ್ಲಿ ಕೊಟ್ಟ ಹೆಡ್‌ಫೋನನ್ನು ಕಿವಿಗಿಟ್ಟುಕೊಂಡು, ಎಂಜಿನ್ನಿನ ಗದ್ದಲದಲ್ಲಿ ಸಂಗೀತ ಮುಳುಗಿಹೋದುದನ್ನು ಕಂಡರು. ನನ್ನಂಥವನು ಹೆಡ್‌ಫೋನನ್ನು ತೆಗೆದಿಟ್ಟು ಕಂಪನಿಯನ್ನು ಶಪಿಸಿ ಮಲಗುತ್ತಿದ್ದ. ಅವರು ಕಾಗದ ತೆಗೆದು, ಸದ್ದಿಗೆ ಪ್ರತಿಯಾದ ಸದ್ದನ್ನು ಹುಟ್ಟಿಸಿ ಎರಡನ್ನೂ ಪರಸ್ಪರ ಅಳಿಸುವುದು ಹೇಗೆಂದು ಅಲ್ಲಿಯೇ ಲೆಕ್ಕ ಹಾಕತೊಡಗಿದರು. ವಿಮಾನಚಾಲಕರಿಗಾಗಿ ಅದರ ಫಲ ಮಾರುಕಟ್ಟೆಗೆ ಬಂದದ್ದು 1989ರಲ್ಲಿ. ದೀರ್ಘ ವಿಮಾನಯಾನದ ಸುಖಕ್ಕೆ ಕುಳಿತಿದ್ದವನೊಬ್ಬನು ಕುಳಿತಲ್ಲಿಂದಲೇ ಸಲ್ಲಿಸಿದ ಇದಕ್ಕಿಂತ ದೊಡ್ಡ ಕಾಣಿಕೆ ನನಗೆ ಗೊತ್ತಿಲ್ಲ.

ಎಲ್ಲ ಚಿತ್ರಗಳ ನಡುವೆ ನನ್ನ ಮನಸ್ಸಿಗೆ ಹಿಡಿದಿರುವುದು ಭೂಪಟ. ಕಥೆಯಿಲ್ಲ, ಹಾಡಿಲ್ಲ, ನೀಲಿ ಹಸುರುಗಳ ಮೇಲೆ ಅಂಗುಷ್ಠಗಾತ್ರದ ವಿಮಾನವೊಂದು ಚಲಿಸಿತೋ ಇಲ್ಲವೋ ಎಂಬಂತೆ ಚಲಿಸುತ್ತಿರುತ್ತದೆ, ಪಕ್ಕದಲ್ಲಿ ಎತ್ತರ, ವೇಗ, ಹೊರಗಿನ ಶೀತ. ಬೆಂಗಳೂರಿನಿಂದ ಯೂರೋಪಿನ ಕಡೆಗೆ ಹೋಗುವ ವಿಮಾನದಲ್ಲಿ ಒಮ್ಮೆ ನನ್ನ ಪಕ್ಕಕ್ಕೆ, ಮಗಳ ಬಾಣಂತನಕ್ಕೆಂದು ಹೊರಟಿದ್ದ ವೃದ್ಧೆಯೊಬ್ಬರು ಕುಳಿತಿದ್ದರು. ಸೆರಗನ್ನು ಬಿಗಿಯಾಗಿ ಹೊದ್ದು, ಚಪ್ಪಲಿ ಕಳಚಿ, ಪಾಸ್‌ಪೋರ್ಟಿದ್ದ ಚೀಲವನ್ನು ಕಂಕುಳಲ್ಲಿ ಇರುಕಿಕೊಂಡಿದ್ದರು. ಪರಿಚಾರಿಕೆ ಬಂದು ಪರದೆಯ ಮೇಲೆ ಅದೂ ಇದೂ ಒತ್ತಿ ಹಿಂದಿ ಚಿತ್ರವೊಂದನ್ನು ಹಚ್ಚಿಕೊಟ್ಟು ಹೋದಳು; ಅವರು ಅತ್ತ ನೋಡದೆ ನನ್ನ ಪರದೆಯ ಮೇಲೆಯೇ ಕಣ್ಣಿಟ್ಟರು.

“ಏನು ಸ್ವಾಮಿ, ಈಗ ಯಾವೂರು ಬಂತು?”

“ಇರಾನ್ ದೇಶ, ತಾಯಿ. ತಬ್ರೀಜ್ ಅಂತ ತೋರಿಸ್ತಾ ಇದೆ.”

“ನನಗೂ ಅದನ್ನೇ ಹಾಕಿಕೊಡಿ. ನಮ್ಮೂರ ಬಸ್ಸಲ್ಲಾದ್ರೆ ಕಂಡಕ್ಟರು ಕೂಗಿ ಹೇಳ್ತಾನೆ, ಇಲ್ಲಿ ಹೇಳೋರೇ ಗತಿಯಿಲ್ಲ.”

ಹಾಕಿಕೊಟ್ಟೆ. ಕಪ್ಪುಸಮುದ್ರ ಬಂದಾಗ ಅದರ ನೀರು ನಿಜವಾಗಿ ಕಪ್ಪೋ ಎಂದು ಕೇಳಿದರು. ಕಿಟಕಿಯಲ್ಲಿ ನೋಡೋಣವೆಂದರೆ ಕಿಟಕಿಯ ಕಡೆಯವನು ಮುಚ್ಚಳವನ್ನೆಳೆದು ಗೊರಕೆ ಹೊಡೆಯುತ್ತಿದ್ದ. ಡ್ಯಾನ್ಯೂಬ್ ನದಿ ದಾಟಿದ ಮೇಲೆ ಅವರಿಗೂ ನಿದ್ರೆ ಬಂತು.

ಈ ಭೂಪಟವು ತನ್ನ ಪೂರ್ಣವೈಭವವನ್ನು ತೋರಿಸುವುದು ಧ್ರುವಪ್ರದೇಶದಲ್ಲಿ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾದ ಬೋಯಿಂಗ್ 777 ವಿಮಾನವೊಂದು, ಜೋಯಾ ಅಗರ್‌ವಾಲ್ ಅವರ ನಾಯಕತ್ವದಲ್ಲಿ ಮಹಿಳಾ ಪೈಲಟ್‌ಗಳೇ ನಡೆಸಿದ್ದು, ಉತ್ತರಧ್ರುವದ ಮೇಲಿನಿಂದ ಹಾದು, ಸುಮಾರು 14,000 ಕಿಲೋಮೀಟರುಗಳನ್ನು ಎಲ್ಲಿಯೂ ಇಳಿಯದೆ ಕ್ರಮಿಸಿ ಬೆಂಗಳೂರಿಗೆ ಬಂದಿತು. ಅಂತಹ ಹಾದಿಯಲ್ಲಿ ವಿಮಾನವು ಉತ್ತರಕ್ಕೆ, ಇನ್ನೂ ಉತ್ತರಕ್ಕೆ ಎಂದು ಹೋಗುತ್ತಿದ್ದು, ಯಾರೂ ಎಡಕ್ಕಾಗಲಿ ಬಲಕ್ಕಾಗಲಿ ತಿರುಗಿಸದಿದ್ದರೂ, ಒಂದು ಕ್ಷಣದಲ್ಲಿ ದಕ್ಷಿಣಾಭಿಮುಖವಾಗಿಬಿಡುತ್ತದೆ. ಇದಕ್ಕಿಂತ ಸೊಗಸಾದ ತಿರುವನ್ನು ಯಾವ ಚಿತ್ರಕಥೆಗಾರನು ಕಟ್ಟಿಯಾನು? ಆ ಹೊತ್ತಿನಲ್ಲಿ ಒಳಗಿನವರು ದೀಪವಾರಿಸಿದ ಕತ್ತಲೆಯಲ್ಲಿ ಹಳೆಯ ಹಾಸ್ಯಚಿತ್ರಗಳನ್ನು ನೋಡುತ್ತಿರುತ್ತಾರೆ. ಹೊಸ 787 ವಿಮಾನಗಳಲ್ಲಿ ಕಿಟಕಿಗೆ ಮುಚ್ಚಳವೇ ಇಲ್ಲ. ಗಾಜು ತಾನೇ ಕಪ್ಪಾಗುತ್ತದೆ, ಅದರ ಹಿಡಿತ ಪರಿಚಾರಕರ ಕೈಯಲ್ಲಿಯೂ ಇರುತ್ತದೆ. ಬೇಸಗೆಯಲ್ಲಿ ಗ್ರೀನ್‌ಲ್ಯಾಂಡಿನ ಹಿಮದ ಮೇಲೆ ಮುಳುಗದ ಸೂರ್ಯ ಬೆಳಗುತ್ತಿದ್ದರೂ ನಮಗೆ ಮಲಗುವ ವೇಳೆಯಾಯಿತೆಂದು ಅವರು ಗೊತ್ತುಮಾಡಿದರೆ ರಾತ್ರಿಯಾಗಲೇಬೇಕು.

ಇಷ್ಟರ ನಡುವೆ, ರಕ್ತ ಹೆಪ್ಪುಗಟ್ಟದಂತೆ ಪಾದವನ್ನು ಹೇಗೆ ತಿರುಗಿಸಬೇಕು, ಎದ್ದು ಹೇಗೆ ಅಡ್ಡಾಡಬೇಕು ಎಂಬ ಆರೋಗ್ಯೋಪದೇಶವೂ ಆ ಪರದೆಯ ಮೇಲೆಯೇ ಬರುತ್ತದೆ. ಹಿತವಾದ ಮಾತು, ಆದರೆ ಅದನ್ನು ಪಾಲಿಸಹೊರಟವನು ಮಲಗಿರುವ ಇಬ್ಬರನ್ನು ದಾಟಿ, ಊಟದ ಗಾಡಿಯ ಹಿಂದೆ ಸಿಕ್ಕಿಕೊಂಡು, ಕೊನೆಗೆ ಆಸನಕ್ಕೆ ಹಿಂತಿರುಗುವಂತೆ ಹೇಳಿಸಿಕೊಂಡು ಬರುತ್ತಾನೆ. ಉಳಿದವರು ಆ ವ್ಯಾಯಾಮವನ್ನು ಅಲುಗಾಡದೆ ವೀಕ್ಷಿಸುತ್ತಾರೆ.

ಕೆಲವು ವಿಮಾನಗಳಲ್ಲಿ ಇಳಿಯುವ ಸಮಯಕ್ಕೆ ಪರದೆಗಳನ್ನೆಲ್ಲ ಒಟ್ಟಿಗೇ ಆರಿಸಿಬಿಡುವ ಪದ್ಧತಿಯಿದೆ, ಅದೂ ಕೊಲೆಗಾರನು ಯಾರೆಂದು ಗೊತ್ತಾಗುವುದಕ್ಕೆ ಸ್ವಲ್ಪ ಮುಂಚೆ. ನೆಲಕ್ಕೆ ಬಂದ ಮೇಲೆ ಆ ಚಿತ್ರವನ್ನು ಹುಡುಕಿ ಉಳಿದುದನ್ನು ನೋಡಿದವರನ್ನು ನಾನು ಕಾಣೆ. ಹತ್ತು ನಿಮಿಷದ ಹಿಂದೆ ಅಷ್ಟು ಆತುರದಿಂದ ನೋಡುತ್ತಿದ್ದ ಕಥೆ ಬಾಗಿಲು ತೆರೆಯುತ್ತಲೇ ಯಾರಿಗೂ ಬೇಡವಾಗಿರುತ್ತದೆ. ಎಲ್ಲರೂ ಧಡಧಡನೆ ಎದ್ದು, ವಲಸೆಯ ಅಧಿಕಾರಿಗಳ ಮುಂದೆ ಒಂದು ಗಂಟೆ ನಿಂತು, ಆಮೇಲೆ ಪೆಟ್ಟಿಗೆಗಳು ಸುತ್ತಿಬರುವ ಬೆಲ್ಟಿನ ಬಳಿ ಇನ್ನರ್ಧ ಗಂಟೆ ನಿಲ್ಲುತ್ತೇವೆ. ಪ್ರಯಾಣದಲ್ಲೆಲ್ಲ ಅತ್ಯಂತ ಬೇಸರದ ಭಾಗ ಅದೇ. ಅಲ್ಲಿ ನಮ್ಮ ಮನಸ್ಸನ್ನು ರಂಜಿಸಬೇಕೆಂದು ಯಾರಿಗೂ ತೋಚಿಲ್ಲ.