ಜೋಳಪ್ಪನ 14 ದಿನದ ಲಂಘನ

"ಎಲ್ಲೋ ಇಲಿ ಸತ್ತಿದೆ ಕಣೇ."

ಶನಿವಾರ ಬೆಳಿಗ್ಗೆ ಒಂದು ಕೈಯಲ್ಲಿ ಕಾಫಿ ಲೋಟ, ಇನ್ನೊಂದು ಕೈಯಲ್ಲಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಅಮ್ಮ ಹಾಲ್ ಪೂರ್ತಿ ಒಂದು ಸುತ್ತು ಹಾಕಿದಳು. ತೀರ್ಥಹಳ್ಳಿ ಕಡೆಯ ಹಂಚಿನ ಮನೆಯಲ್ಲಿ ಮೂವತ್ತೈದು ವರ್ಷ ಸಂಸಾರ ಮಾಡಿದವಳು. ಅಟ್ಟದಲ್ಲಿ ಅಡಿಕೆ ಮೂಟೆ ಸಂದಿಯಲ್ಲಿ ಇಲಿ ಸತ್ತರೆ ಯಾವ ಮೂಲೆ ಅಂತ ವಾಸನೆಯಲ್ಲೇ ಹೇಳುತ್ತಾಳೆ. "ಅಮೆರಿಕದಲ್ಲಿ, ಮೂರನೇ ಮಹಡಿಗೆ ಎಲ್ಲಿಂದ ಇಲಿ ಬರತ್ತಮ್ಮ" ಅಂತ ನಾನು ನಕ್ಕೆ. ನಕ್ಕ ಮರುಕ್ಷಣ ಎದೆ ಧಸಕ್ಕೆಂದಿತು. ನಮ್ಮನೆಯಲ್ಲಿ ಇಲಿ ಇತ್ತು. ಬುಧವಾರ ರಾತ್ರಿ ನಾನೇ ಕೊಟ್ಟಿದ್ದೆ.

ನನ್ನ ಬಳಿ ಒಂದು ಹಾವಿದೆ. ಇದನ್ನು ಓದುತ್ತಿರುವ ನಮ್ಮ ನೆಂಟರು ಯಾರಾದರೂ ಇದ್ದರೆ ದಯವಿಟ್ಟು ಅಮ್ಮನಿಗೆ ಫೋನ್ ಮಾಡಬೇಡಿ, ಅವಳಿಗೆ ಗೊತ್ತು. ನಾನಿರುವುದು ನಾರ್ತ್ ಕೆರೊಲಿನಾದ ರಾಲಿಯಲ್ಲಿ. ಎರಡು ವರ್ಷದ ಹಿಂದೆ ನನ್ನ ರೂಮ್‌ಮೇಟ್ ಬೇರೆ ದೇಶಕ್ಕೆ ಕೆಲಸಕ್ಕೆ ಹೋಗುವಾಗ ಸೋಫಾ, ಮಿಕ್ಸಿ, ಹಾವು ಮೂರನ್ನೂ ನನಗೆ ಬಿಟ್ಟುಹೋದಳು. ಇಂಗ್ಲಿಷಲ್ಲಿ ಕಾರ್ನ್ ಸ್ನೇಕ್, ಅಂದರೆ ಜೋಳದ ಹಾವು. ಕಿತ್ತಳೆ ಬಣ್ಣದ ಮೈ, ಮೇಲೆ ಕೆಂಪು ಮಚ್ಚೆ. ಹೊಟ್ಟೆಯ ಕೆಳಗೆ ಜೋಳದ ತೆನೆಯ ಹಾಗೆ ಕಪ್ಪು ಬಿಳುಪು ಚೌಕಗಳು. ವಿಷ ಇಲ್ಲ. ಅಮೆರಿಕದ ಈ ಆಗ್ನೇಯ ಭಾಗದ್ದೇ ಹಾವು, ನಮ್ಮೂರ ಕೇರೆ ಹಾವಿನ ದೂರದ ನೆಂಟ ಅನ್ನಬಹುದು. ಕೇರೆಯ ಹಾಗೇ ಇಲಿಯ ಹಿಂದೆ ಕಣಜದ ಹತ್ತಿರ ಬರುತ್ತದೆ. ಇಲ್ಲಿ ಇದನ್ನು ಸಾಕುವವರು ತುಂಬಾ ಜನ. ನಮ್ಮ ದೇಶದಲ್ಲಿ ಕೇರೆ, ನಾಗರ ಇತ್ಯಾದಿಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ, ಹಾಗಾಗಿ ನನ್ನನ್ನು ನೋಡಿ ಯಾರೂ ಹಿತ್ತಲಲ್ಲಿ ಬುಟ್ಟಿ ಹಿಡಿದು ಹೊರಡಬೇಡಿ.

ರೂಮ್‌ಮೇಟ್ ಇಟ್ಟ ಹೆಸರು ಬಟರ್‌ಸ್ಕಾಚ್. "ಅದು ಐಸ್‌ಕ್ರೀಮಿಂದಲ್ವನೇ" ಅಂದ ಅಮ್ಮ ಬಂದ ವಾರದಲ್ಲೇ ಜೋಳಪ್ಪ ಅಂತ ಬದಲಾಯಿಸಿದಳು. ಹೆಸರಿಟ್ಟಳು ಅಂದಮಾತ್ರಕ್ಕೆ ಒಪ್ಪಿಕೊಂಡಳು ಅಂತಲ್ಲ. ಹಿಂದಿನ ವರ್ಷವಷ್ಟೇ ಕುಕ್ಕೆಗೆ ಹೋಗಿ ನನ್ನ ಹೆಸರಲ್ಲಿ ಆಶ್ಲೇಷಾ ಬಲಿ ಮಾಡಿಸಿಕೊಂಡು ಬಂದಿದ್ದಳು; ನನ್ನ ಜಾತಕದಲ್ಲಿ ಸರ್ಪದೋಷ ಇದೆಯಂತೆ, ಮದುವೆ ತಡವಾಗುತ್ತಿರುವುದು ಅದಕ್ಕೇ ಅಂತೆ. ಅಷ್ಟು ಖರ್ಚು ಮಾಡಿ ದೋಷ ಕಳೆದು ಇಲ್ಲಿಗೆ ಬಂದರೆ ಮಗಳ ಮನೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಸರ್ಪವೇ ಮಲಗಿದೆ! "ಎಂತದೇ ಮಾರಾಯ್ತಿ ಇದು" ಅಂತ ಎರಡು ದಿನ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ದಿನಾ ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ, ಆರಡಿ ದೂರದಿಂದ ಪೆಟ್ಟಿಗೆಗೂ ಒಂದು ಕೈ ಮುಗಿದು "ಅಲ್ಲೇ ಇರಪ್ಪ" ಅನ್ನುವುದು ಶುರುವಾಯಿತು.

ಆ ಶನಿವಾರ ಪೆಟ್ಟಿಗೆಯ ಮೂಲೆಯಲ್ಲಿ ಒದ್ದೆಯಾದ ಬೂದು ಬಣ್ಣದ ಮುದ್ದೆ ಬಿದ್ದಿತ್ತು. ಅರ್ಧ ಕರಗಿದ ಇಲಿ. ಬಾಲ ಹಾಗೇ ಇತ್ತು. ವಾಸನೆಯ ಬಗ್ಗೆ ಬರೆಯುವುದಿಲ್ಲ, ನೀವು ತಿಂಡಿ ತಿನ್ನುತ್ತಾ ಓದುತ್ತಿರಬಹುದು. ಜೋಳಪ್ಪ ಇನ್ನೊಂದು ಮೂಲೆಯಲ್ಲಿ, ನೀರಿನ ಬಟ್ಟಲಿಗೆ ಸುತ್ತಿಕೊಂಡು, ಕುತ್ತಿಗೆ ನೀರಿನ ಅಂಚಿಗಿಟ್ಟು ಸುಮ್ಮನೆ ಬಿದ್ದಿತ್ತು.

ಹಾವು ವಾಂತಿ ಮಾಡಿಕೊಳ್ಳುವುದನ್ನು ನಾನು ಚಿಕ್ಕವಳಿದ್ದಾಗ ಒಂದು ಸಲ ನೋಡಿದ್ದೆ. ಕೊಟ್ಟಿಗೆಯಲ್ಲಿ ಕಂಡ ಕೇರೆಯನ್ನು ಅಪ್ಪ ಕೋಲು ಬಡಿದು ಓಡಿಸುವಾಗ, ಅದು ನುಂಗಿದ್ದ ಕಪ್ಪೆಯನ್ನು ಉಗುಳಿ ಸರ್ರನೆ ಹೋಗಿತ್ತು. ಹೊಟ್ಟೆ ಭಾರ ಇದ್ದರೆ ಓಡಲು ಆಗುವುದಿಲ್ಲ, ಹೆದರಿದರೆ ಹೊರಗೆ ಹಾಕಿಬಿಡುತ್ತದೆ. ಆದರೆ ನನ್ನ ಪೆಟ್ಟಿಗೆಯಲ್ಲಿ ಜೋಳಪ್ಪನನ್ನು ಯಾರು ಓಡಿಸಿದ್ದು?

ನಾನೇ. ಕೆಲಸದಲ್ಲಿ ಸಾಫ್ಟ್‌ವೇರ್ ಕೆಟ್ಟರೆ ನಾವು ಕೂತು ರೂಟ್ ಕಾಸ್ ಹುಡುಕುತ್ತೇವೆ. ಇದಕ್ಕೂ ಹುಡುಕಿದೆ, ಎಲ್ಲಾ ದಾರಿಯೂ ನನ್ನ ಹತ್ತಿರವೇ ಬಂದು ನಿಂತಿತು. ಗುರುವಾರ ಸಂಜೆ ಸಹೋದ್ಯೋಗಿಯೊಬ್ಬರು ಮಕ್ಕಳ ಜೊತೆ ಊಟಕ್ಕೆ ಬಂದಿದ್ದರು. ಅಮ್ಮ ಹೋಳಿಗೆ ಮಾಡಿದ್ದಳು. ಮಕ್ಕಳು "ಹಾವು ತೋರಿಸಿ ಆಂಟಿ" ಅಂದವು. ಊಟ ಕೊಟ್ಟ ಮೇಲೆ ಕಡಿಮೆ ಅಂದರೂ 48 ಗಂಟೆ ಹಾವನ್ನು ಮುಟ್ಟಬಾರದು. ಅದು ನನಗೆ ಗೊತ್ತು. ಗೊತ್ತಿದ್ದೂ ಹೊರಗೆ ತೆಗೆದೆ, ಕೈಯಿಂದ ಕೈಗೆ ದಾಟಿಸಿದೆ, ಫೋಟೋ ತೆಗೆಸಿಕೊಂಡೆ. ಧೈರ್ಯವಂತೆ ಅನ್ನಿಸಿಕೊಳ್ಳುವ ಚಟ, ಮತ್ತೇನಿಲ್ಲ.

ಅದೊಂದೇ ಆಗಿದ್ದರೆ ಬಹುಶಃ ತಡೆದುಕೊಳ್ಳುತ್ತಿತ್ತು. ಬುಧವಾರ ಕೊಟ್ಟ ಇಲಿಯೂ ದೊಡ್ಡದಾಗಿತ್ತು. ಇಲ್ಲಿ ಹಾವಿಗೆಂದೇ ಫ್ರೀಜ್ ಮಾಡಿದ ಇಲಿ ಸಿಗುತ್ತದೆ. (ನಮ್ಮನೆಯಲ್ಲಿ ಮೊಟ್ಟೆಯೂ ತರುವುದಿಲ್ಲ; ಅಮ್ಮ ಬರುತ್ತಾಳೆಂದು ಇಲಿಗೇ ಬೇರೆ ಪುಟ್ಟ ಫ್ರೀಜರ್ ಕೊಂಡು ಮಲಗುವ ಕೋಣೆಯಲ್ಲಿ ಬಟ್ಟೆ ಮುಚ್ಚಿ ಇಟ್ಟಿದ್ದೆ. ಅದರೊಳಗೆ ಏನಿದೆ ಅಂತ ಅವಳು ಕೇಳಲಿಲ್ಲ.) ಜೋಳಪ್ಪನ ತೂಕ 190 ಗ್ರಾಂ, ಅದರ ಹತ್ತನೇ ಒಂದು ಭಾಗ, ಅಂದರೆ 19 ಗ್ರಾಂ ಆಸುಪಾಸಿನ ಇಲಿ ಸಾಕು. ಅಂಗಡಿಯಲ್ಲಿ ಆ ಅಳತೆಯದ್ದು ಮುಗಿದಿತ್ತು, 30 ಗ್ರಾಂನದ್ದು ತಂದೆ. ಒಂದು ಸಲಕ್ಕೆ ಏನಾಗುತ್ತೆ ಅಂದುಕೊಂಡೆ.

ಮೂರನೆಯದು ಕೊನೆಗೆ ಸಿಕ್ಕಿತು. ಹಾವಿನ ಮೈಗೆ ಸ್ವಂತ ಬಿಸಿ ಇಲ್ಲ. ಹೊರಗಿನ ಬಿಸಿಯಿಂದಲೇ ಅದರ ಹೊಟ್ಟೆ ಕೆಲಸ ಮಾಡುವುದು. ಬಿಸಿ ಸಾಲದಿದ್ದರೆ ಜೀರ್ಣವಾಗುವ ಮೊದಲೇ ಒಳಗಿನ ಇಲಿ ಕೊಳೆಯಲು ಶುರುವಾಗುತ್ತದೆ. ಪೆಟ್ಟಿಗೆಯ ಒಂದು ಬದಿ 85 ಡಿಗ್ರಿ ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ ಸುಮಾರು 29 ಸೆಲ್ಸಿಯಸ್ ಇರಬೇಕು. ಥರ್ಮೋಸ್ಟಾಟ್ ಅಷ್ಟೇ ತೋರಿಸುತ್ತಿತ್ತು. ಆದರೆ ಪೆಟ್ಟಿಗೆ ಒರೆಸುವಾಗ ಅದರ ಸೆನ್ಸರ್ ಜಾರಿ ಬಿಸಿ ಮ್ಯಾಟಿಗೇ ಅಂಟಿಕೊಂಡಿತ್ತು. ಮ್ಯಾಟ್ ಬಿಸಿಯಾದ ಕೂಡಲೇ ಆಫ್ ಆಗುತ್ತಿತ್ತು. ಹಾವು ಮಲಗುವ ಜಾಗ ಮುಟ್ಟಿದರೆ ತಣ್ಣಗೆ. ಫೆಬ್ರವರಿ ತಿಂಗಳು, ಹೊರಗೆ ಮಂಜುಗಟ್ಟುವ ಚಳಿ. ಸ್ಕ್ರೀನ್ ಮೇಲಿನ ಅಂಕಿ ನಂಬಿ ಕೈಯಿಟ್ಟು ನೋಡದೇ ಇದ್ದಿದ್ದು, ಅದೂ ನಾನು, ಇಡೀ ದಿನ ಬೇರೆಯವರ ಕೋಡಲ್ಲಿ ಇದೇ ತಪ್ಪು ಹಿಡಿಯುವವಳು.

ಅಮ್ಮನ ಚಿಂತೆ ಬೇರೆ. "ಇಲ್ಲೇ ಸತ್ತುಹೋದ್ರೆ?" ಅಂದಳು. ನಾಗರ ಹಾವು ಸತ್ತು ಬಿದ್ದಿದ್ದು ಕಂಡರೆ ಅದಕ್ಕೆ ಸಂಸ್ಕಾರ ಮಾಡಿಸುವ ಸೀಮೆ ನಮ್ಮದು. ನಾನು ಸ್ನಾನಕ್ಕೆ ಹೋದಾಗ ಊರಿನ ಭಟ್ಟರಿಗೆ ಫೋನ್ ಮಾಡಿ "ನಮ್ಮ ಪರಿಚಯದವರ ಮನೇಲಿ" ಅಂತ ಶುರುಮಾಡಿ ಎಲ್ಲಾ ಕೇಳಿದ್ದಾಳೆ. ನಾಗರ ಅಲ್ಲದಿದ್ದರೆ ದೋಷವಿಲ್ಲ, ಆದರೆ ಸಾಕಿದ ಪ್ರಾಣಿ ಹಸಿವಿನಿಂದ ಸತ್ತರೆ ಪಾಪ ಬಿಡುವುದಿಲ್ಲ ಅಂದರಂತೆ. ಅಲ್ಲಿಗೆ ನನ್ನ ಕಥೆ ಮುಗಿಯಿತು. "ಹೊಟ್ಟೆಲಿದ್ದಿದ್ದೆಲ್ಲಾ ಹೋಗಿದೆ ಪಾಪ, ಏನಾದ್ರೂ ಕೊಡೇ. ಒಂದು ಚಿಕ್ಕದು ಕೊಡು. ಹಾಲು?" ನಾನು ಮುಖ ನೋಡಿದೆ. "ಗೊತ್ತು ಬಿಡು ಹಾವು ಹಾಲು ಕುಡಿಯಲ್ಲ ಅಂತ. ಪಂಚಮಿಗೆ ನಾವು ಹುತ್ತಕ್ಕೆ ಹೊಯ್ಯೋದು ನಮ್ಮ ಸಮಾಧಾನಕ್ಕೆ."

ಸೋಮವಾರ ಡಾಕ್ಟರ ಹತ್ತಿರ ಹೋದೆವು. ಇಂಥ ಪ್ರಾಣಿಗಳನ್ನೇ ನೋಡುವ ಪಶುವೈದ್ಯೆ. ಪೆಟ್ಟಿಗೆ ಮುಟ್ಟದ ಅಮ್ಮ ಆವತ್ತು ಹಾವಿದ್ದ ಬಟ್ಟೆ ಚೀಲದ ಡಬ್ಬಿಯನ್ನು ಕಾರಲ್ಲಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು, ಕಣ್ಣು ಮುಚ್ಚಿ ಏನೋ ಹೇಳಿಕೊಳ್ಳುತ್ತಾ. ತೂಕ 176 ಗ್ರಾಂಗೆ ಇಳಿದಿತ್ತು. ವೈದ್ಯೆ ಬಾಯಿ ನೋಡಿದರು, ಹೊಟ್ಟೆಯುದ್ದಕ್ಕೂ ಬೆರಳಾಡಿಸಿ ಗಡ್ಡೆ, ಊತ ಇಲ್ಲ ಅಂದರು. ಈ ಜಾತಿಗೆ ಕ್ರಿಪ್ಟೊಸ್ಪೊರಿಡಿಯಂ ಅನ್ನುವ ಪರೋಪಜೀವಿ ತಗುಲಿದರೆ ಪದೇ ಪದೇ ವಾಂತಿಯಾಗಿ ಹೊಟ್ಟೆಯ ಭಾಗ ಊದಿಕೊಳ್ಳುತ್ತದಂತೆ, ವಾಸಿಯಾಗುವುದು ಬಹಳ ಕಷ್ಟವಂತೆ. ಪರೀಕ್ಷೆಗೆ ಕೊಟ್ಟೆವು. ಅದರ ಫಲಿತಾಂಶ ಬರುವ ತನಕ ನನಗೆ ಊಟ ಸೇರಲಿಲ್ಲ. ಸದ್ಯ, ಏನೂ ಇರಲಿಲ್ಲ.

ಅವರು ಹೇಳಿದ್ದು ಇಷ್ಟು. ಇಲಿಯ ಜೊತೆ ಹೊಟ್ಟೆಯ ಆಮ್ಲ, ಜೀರ್ಣರಸ, ನೀರಿನಂಶ ಎಲ್ಲಾ ಹೊರಗೆ ಬಂದಿದೆ. ಬರುವಾಗ ಆ ಆಮ್ಲ ಅನ್ನನಾಳವನ್ನು ಸುಟ್ಟಿರುತ್ತದೆ. ಈಗ ಮತ್ತೆ ತಿನ್ನಿಸಿದರೆ ಮತ್ತೆ ಬರುತ್ತದೆ, ಎರಡು ಮೂರು ಸಲ ಹಾಗಾದರೆ ಹಾವು ಉಳಿಯುವುದೇ ಕಷ್ಟ. ಆದ್ದರಿಂದ 14 ದಿನ ಊಟ ಇಲ್ಲ. ಶುದ್ಧ ನೀರು, ಸರಿಯಾದ ಬಿಸಿ, ಅಡಗಿಕೊಳ್ಳಲು ಜಾಗ. ಮುಟ್ಟುವಂತಿಲ್ಲ. ಆಮೇಲೆ ಮಾಮೂಲಿ ಅಳತೆಯ ಅರ್ಧಕ್ಕಿಂತ ಚಿಕ್ಕದು ಒಂದು, ಅದು ಜೀರ್ಣವಾದರೆ ಹತ್ತು ದಿನ ಬಿಟ್ಟು ಇನ್ನೊಂದು ಚಿಕ್ಕದು.

ನಾನು ಒಂದೊಂದೇ ಕನ್ನಡದಲ್ಲಿ ಹೇಳಿದೆ. ಅಮ್ಮ ಕೇಳಿ, "ಲಂಘನಂ ಪರಮೌಷಧಂ. ಇದನ್ನ ಹೇಳಕ್ಕೆ ಇವರಿಗೆ ಇಷ್ಟು ಡಾಲರ್ರಾ?" ಅಂದಳು. ವೈದ್ಯೆ ಏನಂತ ಕೇಳಿದರು. ಥ್ಯಾಂಕ್ಸ್ ಅಂತಿದ್ದಾರೆ ಅಂದೆ.

ಅವತ್ತಿನಿಂದ ಅಮ್ಮ ಬದಲಾದಳು. ಊರಿಂದ ತಂದಿದ್ದ ಪಂಚಾಂಗದ ಕ್ಯಾಲೆಂಡರಲ್ಲಿ, ಏಕಾದಶಿ ಸಂಕಷ್ಟಿಗಳ ಪಕ್ಕದಲ್ಲೇ, ದಿನಾ ಒಂದು ಚುಕ್ಕಿ. ದಿನಕ್ಕೆರಡು ಸಲ ಲೇಸರ್ ಥರ್ಮಾಮೀಟರ್ ಗುರಿಯಿಟ್ಟು "ಎಂಬತ್ತನಾಲ್ಕು" ಅಂತ ಕೂಗುತ್ತಿದ್ದಳು. ಸೆನ್ಸರನ್ನು ನಾನು ಟೇಪ್ ಹಾಕಿ ಅಂಟಿಸಿದ ಮೇಲೂ ಬಿಡಲಿಲ್ಲ. ಗಾಜಿಗೆ ಮೂರು ಕಡೆ ಹಳೆ ಟವೆಲ್ ಇಳಿಬಿಟ್ಟಳು. "ಬಾಣಂತಿ ಕೋಣೆಗೆ ಇಷ್ಟು ಬೆಳಕಿರಬಾರದು." ಜೋಳಪ್ಪ ಗಂಡು ಅಂತ ನಾನು ನೆನಪಿಸಲಿಲ್ಲ.

ಕುಸಿದಿದ್ದು ನಾನು. ಒಂಬತ್ತನೇ ದಿನ ರಾತ್ರಿ ಹನ್ನೊಂದಕ್ಕೆ ಕೆಲಸ ಮುಗಿಸಿ ನೋಡಿದರೆ ಜೋಳಪ್ಪ ಗಾಜಿನುದ್ದಕ್ಕೂ ಓಡಾಡುತ್ತಿದೆ, ನಾಲಿಗೆ ಒಳಗೆ ಹೊರಗೆ. ನನ್ನ ಕೈ ಕಂಡ ಕಡೆ ತಲೆಯೆತ್ತಿ ಬರುತ್ತದೆ. ಹಸಿವು ಅಂದರೆ ವಾಸಿಯಾಗಿದೆ ಅಂತ ತಾನೇ? ಫ್ರೀಜರಿನಿಂದ ಒಂದು ಚಿಕ್ಕ ಇಲಿ ತೆಗೆದು ಬಿಸಿನೀರಿಗೆ ಹಾಕುವವಳಿದ್ದೆ. ಹಿಂದೆ ಅಮ್ಮ ನಿಂತಿದ್ದಳು.

"ಡಾಕ್ಟ್ರು ಎಷ್ಟು ದಿನ ಅಂದಿದ್ದು?"

"ಹಸಿದಿದೆ ಅಮ್ಮ, ನೋಡು."

"ಸೆಕೆಂಡ್ ಪಿಯುಸಿಲಿ ನಿಂಗೆ ಟೈಫಾಯ್ಡ್ ಬಂದಾಗ್ಲೂ ಹಸಿದಿತ್ತು. ಗಂಜಿ ಬೇಡ ಅಂತ ಕದ್ದು ಹಲಸಿನ ಹಪ್ಪಳ ತಿಂದೆ. ಆಮೇಲೆ ಮಣಿಪಾಲಕ್ಕೆ ಯಾರು ಹೊತ್ಕೊಂಡು ಹೋಗಿದ್ದು? ಒಳಗಿಡು ಅದನ್ನ."

ಒಳಗಿಟ್ಟೆ. ಅಮ್ಮ ಆ ಫ್ರೀಜರಿನ ಬಾಗಿಲು ಸರಿಯಾಗಿ ಮುಚ್ಚಿದೆಯಾ ಅಂತ ತನ್ನ ಕೈಯಿಂದಲೇ ಒತ್ತಿ ನೋಡಿದಳು. ಆಮೇಲೆ ಹೋಗಿ ಕೈ ತೊಳೆದುಕೊಂಡಳು. ನನಗೆ ಆ ಜ್ವರದಲ್ಲಿ ಹಸಿವು ನೆನಪಿದೆ, ಅಮ್ಮನ ಮೇಲೆ ಬಂದಿದ್ದ ಸಿಟ್ಟು ನೆನಪಿದೆ. ಅಡುಗೆಮನೆಗೆ ಬೀಗ ಹಾಕಿ ಬಾಗಿಲಲ್ಲೇ ಕೂತಿದ್ದ ಅವಳು ಆ ಹೊತ್ತಿಗೆ ತಾನೂ ಏನೂ ತಿಂದಿರಲಿಲ್ಲ ಅನ್ನುವುದನ್ನು ಅವಳು ಈಗ ಹೇಳಿದ ಮೇಲೆ ಗೊತ್ತಾಯಿತು.

ಹದಿನೈದನೇ ದಿನ ಏಳು ಗ್ರಾಂನ ಇಲಿಮರಿ ಕೊಟ್ಟೆ. ಜೋಳಪ್ಪ ಒಂದೇ ಗುಕ್ಕಿಗೆ ನುಂಗಿ ಒಳಗೆ ಹೋಗಿ ಮಲಗಿತು. ನಂತರದ ಮೂರು ಬೆಳಿಗ್ಗೆಯೂ ಅಮ್ಮನ ಮೊದಲ ಕೆಲಸ ಹಾಲ್ ಮಧ್ಯೆ ನಿಂತು ಗಾಳಿ ಮೂಸುವುದು. "ಇಲ್ಲ" ಅಂತ ಹೇಳಿ ಆಮೇಲೆ ಕಾಫಿಗೆ ನೀರಿಡುತ್ತಿದ್ದಳು. ಆ ನಡುವೆ ಒಂದು ವಿಡಿಯೋ ಕಾಲ್ ಬಂತು, ಹುಡುಗನ ತಾಯಿ. ಮಗಳ ಹವ್ಯಾಸ ಏನು ಅಂತ ಕೇಳಿದರು. ಹಿಂದೆಲ್ಲಾ ಅಮ್ಮ "ಓದೋದು, ಗಿಡ ಬೆಳೆಸೋದು" ಅನ್ನುತ್ತಿದ್ದಳು. ಈ ಸಲ ಒಂದು ಕ್ಷಣ ಪೆಟ್ಟಿಗೆ ಕಡೆ ನೋಡಿ "ಒಂದು ಹಾವು ಸಾಕಿದಾಳೆ, ಕೇರೆ ಜಾತಿದು, ಪಾಪದ್ದು. ಹುಷಾರಿರಲಿಲ್ಲ, ಈಗ ಪರವಾಗಿಲ್ಲ" ಅಂದುಬಿಟ್ಟಳು. ಆ ಕಡೆಯಿಂದ ಮತ್ತೆ ಫೋನ್ ಬಂದಿಲ್ಲ.

ಐದನೇ ದಿನ ಬೆಳಿಗ್ಗೆ ಅಮ್ಮನೇ ನನ್ನನ್ನು ಎಬ್ಬಿಸಿದಳು. ಪೆಟ್ಟಿಗೆಯ ಕಾಗದದ ಮೇಲೆ ಕಂದು ಬಿಳಿ ಬಣ್ಣದ ಪುಟ್ಟ ಗುಪ್ಪೆ. ಇಲಿ ಸರಿಯಾದ ದಾರಿಯಲ್ಲೇ ಹೊರಗೆ ಬಂದಿತ್ತು. ನಾನು ಕೈಗವಸು ಹುಡುಕುತ್ತಿದ್ದರೆ ಅವಳಾಗಲೇ ಅಪ್ಪನಿಗೆ ಫೋನ್ ಹಚ್ಚಿದ್ದಳು. ಅಲ್ಲಿ ಸಂಜೆ, ತೋಟದಿಂದ ಈಗಷ್ಟೇ ಬಂದಿರಬೇಕು.

"ರೀ, ಕೇಳಿಸ್ತಾ? ಜೋಳಪ್ಪ ಕಕ್ಕಸು ಮಾಡ್ದ ಕಣ್ರೀ."